ಏರಿನಾಗೆ ಉಸಿರು ಕಟ್ಟೋ ಬಸ್ಸು

ನನ್ನ ಸಿಟ್ಟಿನ ಬಗ್ಗೆ ನ್ಯಾಮತಿಯಾಗೆ ಯಾರನ್ನ ಕೇಳಿದ್ರೂ ಹೇಳ್ತಾರೆ. ಕಸ್ತೂರಮ್ಮನ ಸಿಟ್ಟು ಮೂಗಿನ ತುದಿ ಮ್ಯಾಲೆ ಅಂತಾರೆ. ಸುಳ್ಳು. ಅದು ಮೂಗಿನಿಂದ ಇಳಿದು ನಾಲಿಗೆ ಮ್ಯಾಲೆ ಕುಂತು ಎಷ್ಟೋ ವರ್ಷ ಆತು. ಇದನ್ನ ಮೊದ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ನಾನೀಗ ಹೇಳಾಕೆ ಹೊರಟಿರೋದು ಇಬ್ಬರು ದೊಡ್ಡ ಮನುಷ್ಯರ ಕತೆ. ಒಬ್ಬ ಡ್ರೈವರು, ಒಬ್ಬರು ಮೆಕ್ಯಾನಿಕ್ಕು. ಅದರಾಗೆ ನಾನೂ ಇದೀನಿ, ಆದ್ರೆ ಎದೆ ಉಬ್ಬಿಸಿ ಹೇಳ್ಕಳ್ಳೋ ಹಂಗಿಲ್ಲ.

ನಮ್ಮನೆಯವರು ಬೆನಕಪ್ಪ ತೀರಿಕೊಂಡಾಗ ನನ್ನ ಪಾಲಿಗೆ ಉಳಿದಿದ್ದು ಒಂದು ಬಸ್ಸು. ಅರವತ್ತೆರಡನೇ ಇಸವಿದು, ಮೂತಿ ಮುಂದಕ್ಕೆ ಚಾಚಿದ್ದು. ಅವರು ತಗಂಡಾಗಲೇ ಇಬ್ಬರ ಕೈ ದಾಟಿ ಬಂದಿತ್ತು. ಹೆಂಗಸು ಬಸ್ಸು ನಡೆಸಾಕೆ ಆಗ್ತೈತಾ, ಮಾರಿ ಕೈ ತೊಳ್ಕಳಮ್ಮ ಅಂದ್ರು ಎಲ್ಲಾರೂ. ಎಲ್ಲಾರೂ ಅಂದ್ರು ಅಂತಲೇ ನಾನು ಮಾರಲಿಲ್ಲ. ಮೈದುನ ಕೊಟ್ರಬಸಪ್ಪನ್ನ ಕಂಡಕ್ಟರ್ ಮಾಡಿದೆ. ಬೆಳಗ್ಗೆ ನ್ಯಾಮತಿಯಿಂದ ಸವಳಂಗಕ್ಕೆ ಹೋಗಿ ಬರೋದು, ಆಮೇಲೆ ಹೊನ್ನಾಳಿ ಮ್ಯಾಲೆ ಚನ್ನಗಿರಿಗೆ, ಸಂಜೆಗೆ ವಾಪಸ್. ಡೀಸೆಲ್ಲಿನ ಡ್ರಮ್ಮು ನಮ್ಮನೆ ಕೊಟ್ಟಿಗೆಯಾಗೇ ಇರೋದು. ಬಿಳೀ ಪಂಚೆ ನಾಲ್ಕು ಮಡಿಕೆ ಮಾಡಿ, ನಾನೇ ನಿಂತು ಸೋಸಿ ಹಾಕಿಸ್ತಿದ್ದೆ. ಬೇರೆ ಬಸ್ಸಿನೋರು ನಗೋರು, ಕಸ್ತೂರಮ್ಮ ಡೀಸೆಲ್ ಸೋಸಿದಂಗೆ ನಮ್ಮನೇಲಿ ಹಾಲೂ ಸೋಸಾಕಿಲ್ಲ ಅಂತ. ನಗಲಿ ಬಿಡು ಅಂತ ಸುಮ್ನಿದ್ದೆ. ಒಳಗೊಳಗೆ ಹೆಮ್ಮೆನೂ ಇತ್ತು.

ಎಪ್ಪತ್ತೆಂಟನೇ ಇಸವಿ, ದೀಪಾವಳಿ ಮುಗಿದ ವಾರ. ಆಗಿದ್ದ ಡ್ರೈವರು ಹೊನ್ನಾಳಿ ಹತ್ರ ಬಸ್ಸನ್ನ ಚಾನಲ್ ಪಕ್ಕದ ಗುಂಡಿಗೆ ಇಳಿಸಿದ. ದೇವರು ದೊಡ್ಡೋನು, ಯಾರಿಗೂ ಏನೂ ಆಗಲಿಲ್ಲ. ಅವನು ಮಾತ್ರ ಹೆದರಿ ಮಾರನೇ ದಿನವೇ ಕೆಲಸ ಬಿಟ್ಟ. ಅವನ ಜಾಗಕ್ಕೆ ಜಗಳೂರು ಕಡೆ ಸೊಕ್ಕೆಯಿಂದ ಪಾಲಣ್ಣ ಬಂದ. ಸಣಕಲು ಆಳು, ಹೆಗಲ ಮ್ಯಾಲೆ ಒಂದು ಕೆಂಪು ಟವಲು, ಕೇಳಿದ್ದಕ್ಕೆ ಎಷ್ಟು ಬೇಕೋ ಅಷ್ಟೇ ಮಾತು. ಅದೇ ವಾರ ನಾನೂ ಒಂದು ಹರಕೆ ಹೊತ್ತೆ. ಇಪ್ಪತ್ತೊಂದು ಸೋಮವಾರ, ಡ್ರೈವರ್ ಬರಾಕೆ ಮುಂಚೆ ಮಿಂದು, ಬಸ್ಸಿನ ಮೂತಿಗೆ ವಿಭೂತಿ ಬಳಿದು, ಗಾಲಿಗೆ ನೀರು ಹಾಕಿ, ಟ್ಯಾಂಕಿಗೊಂದು ಪತ್ರೆ ಏರಿಸಿ ಕೈ ಮುಗಿಯೋದು. ಹರಕೆ ಬಾಯಿ ಬಿಟ್ಟು ಹೇಳಿದ್ರೆ ಫಲ ಇಲ್ಲ, ಅದಕ್ಕೆ ಕೊಟ್ರಬಸಪ್ಪಂಗೂ ಹೇಳಿರಲಿಲ್ಲ.

ಡಿಸೆಂಬರಿನಾಗೆ ಬಸ್ಸಿಗೆ ರೋಗ ಶುರು ಆತು. ಸಪಾಟು ರಸ್ತೆಯಾಗೆ ಚೆಂದ ಹೋಗೋದು. ಸೀಟು ತುಂಬಿ, ಟಾಪಿನ ಮ್ಯಾಲೆ ಮೂಟೆ ಏರಿ, ಸವಳಂಗದ ದಾರಿಯ ಏರು ಬಂತು ಅಂದ್ರೆ ಅರ್ಧಕ್ಕೇ ಪಿಕಪ್ ಹೋಗಿಬಿಡೋದು. ಪಾಲಣ್ಣ ಎಷ್ಟು ಒತ್ತಿದ್ರೂ ಇಂಜಿನ್ನು ಮುಲುಕಿ ಮುಲುಕಿ ಸುಮ್ನಾಗೋದು. ಜನ ಬೈಕಂತಾ ಇಳಿಯೋರು. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದ್ರೆ, ನನಗೇನಾಗಿತ್ತು ಅನ್ನೋ ಹಂಗೆ ಹೊರಡೋದು. ದಿನಾ ಹಿಂಗೇ ಆಗಿದ್ರೆ ಒಂದು ಲೆಕ್ಕ. ನಾಲ್ಕು ದಿನ ಚೆಂದ ಇರೋದು, ಐದನೇ ದಿನ ಕೈ ಕೊಡೋದು.

ಹೊನ್ನಾಳಿ ಮೆಕ್ಯಾನಿಕ್ಕುಗಳು ಒಬ್ಬರಾದ ಮ್ಯಾಲೆ ಒಬ್ಬರು ನೋಡಿದ್ರು. ಫಿಲ್ಟರ್ ಬದಲಾಯಿಸಿದ್ರು. ಏರ್ ಎಳೀತೈತೆ ಅಂತ ಪೈಪೆಲ್ಲ ಬಿಗಿದ್ರು. ಪಂಪನ್ನ ದಾವಣಗೆರೆಗೆ ಕಳಿಸಿ ತೊಳೆಸಿ ತಂದ್ರು. ಅವರು ನೋಡೋವಾಗ ಬಸ್ಸು ಚೆನ್ನಾಗೇ ಓಡೋದು. ಡಾಕ್ಟರ ಮನೆ ಬಾಗಿಲು ಕಂಡ ಕೂಡ್ಲೇ ಹಲ್ಲುನೋವು ನಿಲ್ತೈತಲ್ಲ, ಹಂಗೆ. ನಾನು ಸೋಮವಾರದ ಒಂದು ಪತ್ರೆನ ಮೂರು ಮಾಡಿದೆ. ರೋಗ ಇನ್ನೂ ಜಾಸ್ತಿ ಆತು.

ಜನವರಿ ಕೊನೇ ವಾರ ಬಸ್‌ಸ್ಟ್ಯಾಂಡಿನಾಗೆ ಯಾರೋ ಪುಣ್ಯಾತ್ಮ ಒಂದು ಮಾತು ಬಿಟ್ಟ. ಸೀಮೆಎಣ್ಣೆ ಬೆರೆಸಿದ್ರೆ ಹಿಂಗೇ ಪಿಕಪ್ ಹೋಗ್ತೈತೆ ನೋಡ್ರಿ ಅಂತ. ನನ್ನ ತಲೆಗೆ ಅಷ್ಟೇ ಬೇಕಿತ್ತು. ಪಾಲಣ್ಣ ಬಂದಿದ್ದು ನವೆಂಬರ್, ರೋಗ ಬಂದಿದ್ದು ಡಿಸೆಂಬರ್. ಮಂಗಳವಾರ ಬೆಳಗ್ಗೆ ಬಸ್ಸು ಮತ್ತೆ ಏರಿನಾಗೆ ನಿಂತು, ಮುಕ್ಕಾಲು ಗಂಟೆ ತಡ ಆಗಿ ಬಂತು. ಸ್ಟ್ಯಾಂಡಿನಾಗೆ ಅಷ್ಟು ಜನ ನೋಡ್ತಾ ಇದ್ದಂಗೇ ನಾನು ಬಾಯಿ ಬಿಟ್ಟೆ.

"ನನ್ನ ಡೀಸೆಲ್ ಕದ್ದು ಮಾರ್ಕಂಡು ಟ್ಯಾಂಕಿಗೆ ಸೀಮೆಎಣ್ಣೆ ಸುರೀತಿದೀಯೇನೋ, ಕಳ್ಳ."

ಪಾಲಣ್ಣ ಮುಖ ಒರೆಸ್ಕಳ್ಳಾಕೆ ಹೆಗಲ ಮ್ಯಾಲಿನ ಟವಲಿಗೆ ಕೈ ಹಾಕಿದ್ದ. ನಾನು ಅದನ್ನೂ ಬಿಡಲಿಲ್ಲ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂತಾನೆ, ನೋಡ್ರಿ" ಅಂದೆ. ಜನ ನಕ್ಕರು. ನನಗೆ ಎಷ್ಟು ಖುಷಿ ಆತು ಅಂದ್ರೆ, ಈಗ ನೆನೆಸಿಕೊಂಡ್ರೆ ಮೈಯೆಲ್ಲ ಹಿಡಿಯಾಗ್ತೈತೆ.

ಅವನು ತಲೆ ತಗ್ಗಿಸಿ ಹೋಗಿ ಸ್ಟೇರಿಂಗ್ ಮುಂದೆ ಕುಂತ. ಸಂಜೆ ಬಸ್ಸು ಬಿಟ್ಟು ಮನೆ ಜಗಲಿ ಕೆಳಗೆ ನಿಂತು ಹೇಳಿದ. "ಅಮ್ಮಾರೆ, ಕೆಲಸ ಬಿಡು ಅಂದ್ರೆ ಬಿಡ್ತೀನಿ. ಆದ್ರೆ ರೋಗ ಏನು ಅಂತ ಗೊತ್ತಾಗೋ ತನಕ ಬಿಡಿಸಬ್ಯಾಡ್ರಿ. ಹಿಂಗೇ ಹೋದ್ರೆ ನನ್ನ ಕೈಗೆ ಯಾರೂ ಸ್ಟೇರಿಂಗ್ ಕೊಡಾಕಿಲ್ಲ. ಇವತ್ತು ನೀವಂದಿದ್ದು ನಾಳೆ ಜಗಳೂರು ಬಸ್ಸು ಹತ್ತಿ ನಮ್ಮೂರಿಗೆ ಹೋಗ್ತೈತೆ. ಅಲ್ಲಿ ನಮ್ಮವ್ವ ಇದಾಳೆ."

"ಹೋಗ್ಲಿ ಬಿಡು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಾಕಿಲ್ಲ ಅಂತ ಮೊದ್ಲೇ ಗೊತ್ತಿರಬೇಕಿತ್ತು" ಅಂದೆ ನಾನು.

"ಗೊತ್ತೈತೆ ಅಮ್ಮಾರೆ. ಅದಕ್ಕೇ ಕೇಳ್ತಿರೋದು. ಚನ್ನಗಿರಿಯಾಗೆ ಗೋಣೆಪ್ಪ ಅಂತ ಒಬ್ಬರು ಇದಾರೆ. ಒಂದ್ಸಲ ಅವರ ಕೈಲಿ ತೋರಿಸ್ರಿ."

ಶನಿವಾರದ ತನಕ ಟೈಮು ಕೊಟ್ಟೆ. ಅಷ್ಟರಾಗೆ ಬೇರೆ ಕಾರಣ ಸಿಗದಿದ್ರೆ ಕಳ್ಳ ಅಂತಲೇ ಕಳಿಸೋದು ಅಂತ ಖಡಾಖಂಡಿತ ಹೇಳಿದೆ.

ಗುರುವಾರ ಸಂಜೆ ಗೋಣೆಪ್ಪ ನಮ್ಮ ಬಸ್ಸಿನಾಗೇ ಬಂದಿಳಿದ್ರು. ಅರವತ್ತು ದಾಟಿದ ಮುದುಕ. ಬಗಲಾಗೆ ಒಂದು ಗೋಣಿ ಚೀಲ. ಅದರಾಗೆ ನಾಲ್ಕು ಸ್ಪ್ಯಾನರು, ಒಂದು ಮಾರು ರಬ್ಬರ್ ಪೈಪು. ಇಷ್ಟೇನಾ ಸಾಮಾನು ಅನ್ನಿಸಿತು ನನಗೆ. ಬಾನೆಟ್ ಎತ್ತಲಿಲ್ಲ, ಇಂಜಿನ್ ಮುಟ್ಟಲಿಲ್ಲ. ಟ್ಯಾಂಕಿನ ಕೆಳಗಿನ ನಟ್ಟು ಸಡಿಲಿಸಿ ನಾಲ್ಕು ಹನಿ ಡೀಸೆಲ್ ಅಂಗೈಗೆ ಹಿಡಿದು, ಉಜ್ಜಿ, ಮೂಸಿ ನೋಡಿದ್ರು.

"ಇದರಾಗೆ ಸೀಮೆಎಣ್ಣೆ ಇಲ್ಲ ತಾಯಿ."

"ಇವತ್ತು ಇರಾಕಿಲ್ಲ ಬಿಡ್ರಿ. ನೀವು ಬರ್ತೀರಿ ಅಂತ ಅವನಿಗೆ ಗೊತ್ತಿತ್ತಲ್ಲ."

ಅವರು ಅಂಗೈ ಒರೆಸ್ಕಂಡ್ರು. ಜಗಲಿ ಮ್ಯಾಲೆ ಕುಂತು, ನಾನು ಕೊಟ್ಟ ಚಾ ಆರಿಸಿಕಂತಾ, ಪಾಲಣ್ಣನ್ನ ಕೇಳಾಕೆ ಶುರು ಮಾಡಿದ್ರು. ಖಾಲಿ ಬಸ್ಸಿನಾಗೆ ಯಾವತ್ತಾದ್ರೂ ಹಿಂಗೆ ಆಗೈತಾ? ಇಲ್ಲ. ಇಳಿಜಾರಿನಾಗೆ? ಇಲ್ಲ. ಟ್ಯಾಂಕು ತುಂಬಾ ಇದ್ದಾಗ? ಕಮ್ಮಿ. ತಳ ಹತ್ತಿದಾಗ ಜಾಸ್ತಿ. ಹೊಗೆ ಕಪ್ಪಗೆ ಬರ್ತೈತಾ? ಇಲ್ಲ, ಹೊಗೆನೇ ಕಮ್ಮಿ ಆಗ್ತೈತೆ, ಹೊಟ್ಟೆಗೆ ಇಲ್ಲದ ಹಂಗೆ. ಎಷ್ಟು ಹೊತ್ತಿಗೆ ಸರಿ ಆಗ್ತೈತೆ? ಇದಕ್ಕೆ ಕೊಟ್ರಬಸಪ್ಪ ಉತ್ತರ ಹೇಳಿದ. "ನಂದೊಂದು ಬೀಡಿ ಮುಗಿಯೋ ಹೊತ್ತಿಗೆ."

ಇಂಜಿನ್ ಪಕ್ಕ ಒಂದು ಪುಟ್ಟ ಪಂಪು ಇರ್ತೈತೆ. ಟ್ಯಾಂಕಿನಿಂದ ಡೀಸೆಲ್ ಎಳೆಯೋದು ಅದೇ. ಬೇಕಾದ್ರೆ ಕೈಯಿಂದಲೂ ಒತ್ತಬಹುದು. ಗೋಣೆಪ್ಪ ಅದರ ಬಗ್ಗೆ ಕೇಳಿದ್ರು.

"ಬಸ್ಸು ನಿಂತ ತಕ್ಷಣ ಆ ಪಂಪು ಒತ್ತಿ ನೋಡಿದೀಯಾ?"

"ನೋಡಿದೀನಿ ಯಜಮಾನ್ರೆ. ಬಿಗಿ ಇರ್ತೈತೆ. ಮ್ಯಾಲೆ ಎತ್ತಿದ್ರೆ ಕೈನ ವಾಪಸ್ ಎಳ್ಕಂತೈತೆ. ಸರಿ ಆದ ಮ್ಯಾಲೆ ಒತ್ತಿದ್ರೆ ಸಲೀಸು."

"ಏರ್ ಹಿಡಿದಿದ್ರೆ?"

"ಏರ್ ಹಿಡಿದಿದ್ರೆ ಟೊಳ್ಳು ಇರಬೇಕಲ್ರಿ. ಟೊಳ್ಳಿಲ್ಲ. ಹೊನ್ನಾಳಿಯಾಗೆ ಹೇಳಿದೆ, ಕೇಳಲಿಲ್ಲ."

ಗೋಣೆಪ್ಪ ಲೋಟ ಕೆಳಗಿಟ್ರು. ಆಮೇಲೆ ನನ್ನ ಕಡೆ ತಿರುಗಿ, "ಕದಿಯೋನು ಇಷ್ಟೆಲ್ಲ ನೋಡಾಕಿಲ್ಲ ತಾಯಿ" ಅಂದ್ರು. ನನಗೆ ಉರಿದುಹೋತು. ಮೆಕ್ಯಾನಿಕ್ಕು ಬಂದಿದ್ದು ಬಸ್ಸು ನೋಡಾಕೋ, ಡ್ರೈವರಿಗೆ ಸರ್ಟಿಫಿಕೇಟ್ ಕೊಡಾಕೋ ಅಂತ ಕೇಳೇಬಿಟ್ಟೆ. ಅವರು ನಕ್ಕು, "ಎರಡೂ ಒಂದೇ ಕೆಲಸ ಆಗೈತಲ್ಲ ಈಗ" ಅಂದ್ರು.

ಶುಕ್ರವಾರ ನಾನೂ ಬಸ್ಸು ಹತ್ತಿದೆ. ಕಳ್ಳನ್ನ ಕಣ್ಣಾರೆ ಹಿಡಿಯೋಣ ಅಂತ. ಗೋಣೆಪ್ಪ ಮಾಡಿಸಿದ ಏರ್ಪಾಡು ನೋಡಿ ನನಗೆ ತಲೆ ಬಿಸಿ ಆತು. ಟ್ಯಾಂಕಿನಾಗೆ ಡೀಸೆಲ್ ಕಮ್ಮಿ ಇರಲಿ, ಟಾಪಿನ ಮ್ಯಾಲೆ ಭಾರ ಜಾಸ್ತಿ ಇರಲಿ ಅಂದ್ರು. ಪರಿಚಯದೋರ ಹತ್ರ ಕೇಳಿ ಹದಿನಾರು ಮೂಟೆ ಅಡಿಕೆ ಏರಿಸಿದ್ವಿ.

"ರೀ, ಸರಿ ಮಾಡಾಕೆ ಬಂದಿದೀರೋ ಕೆಡಿಸಾಕೆ ಬಂದಿದೀರೋ" ಅಂದೆ.

"ಮೊದ್ಲು ಕೆಡಿಸಾಕೇ ತಾಯಿ. ಬೇಕಂದಾಗ ಕೆಡಿಸಾಕೆ ಬಂದ್ರೆ ಸರಿ ಮಾಡಾಕೂ ಬರ್ತೈತೆ."

ಆಮೇಲೆ ಇನ್ನೊಂದು ಕೆಲಸ ಮಾಡಿದ್ರು. ಒಂದು ತಗಡಿನ ಡಬ್ಬಿಗೆ ಡೀಸೆಲ್ ತುಂಬಿ, ಡ್ರೈವರ್ ಕಿಟಕಿ ಕಂಬಿಗೆ ಎತ್ತರಕ್ಕೆ ಕಟ್ಟಿ, ಅದರಿಂದ ರಬ್ಬರ್ ಪೈಪನ್ನ ಸೀದಾ ಇಂಜಿನ್ ಪಂಪಿಗೆ ಕೊಟ್ರು. ಟ್ಯಾಂಕಿನ ಸಂಬಂಧವೇ ಇಲ್ಲ. ಬಸ್ಸು ಸವಳಂಗದ ಕಡೆ ಹೊರಟಿತು. ಏರು ಬಂತು. ನಾನು ಸೆರಗು ಬಿಗಿ ಹಿಡ್ಕಂಡು ಕುಂತೆ. ಮೂಟೆ, ಜನ, ಎಲ್ಲಾ ಹೊತ್ಕಂಡು ಬಸ್ಸು ಒಂದೇ ದನಿಯಾಗೆ ಏರು ಹತ್ತಿ ಆ ಕಡೆ ಇಳಿಯಿತು. ಎಷ್ಟು ದಿನ ಆಗಿತ್ತೋ ಆ ದನಿ ಕೇಳಿ. ನಮ್ಮನೆಯವರ ಕಾಲದ ದನಿ ಅದು. ಕಣ್ಣಿಗೆ ನೀರು ಬಂತು, ಧೂಳು ಅಂತ ಒರೆಸ್ಕಂಡೆ.

ಸವಳಂಗದಾಗೆ ಜನ ಇಳಿದ್ರು, ಮೂಟೆ ಇಳಿಸಾಕೆ ಗೋಣೆಪ್ಪ ಬಿಡಲಿಲ್ಲ. ಬಸ್ಸು ತಿರುಗಿಸಿ ಏರಿನ ಬುಡಕ್ಕೇ ವಾಪಸ್ ಬಂದು, ಡಬ್ಬಿ ಬಿಚ್ಚಿ ಟ್ಯಾಂಕಿನ ಪೈಪು ಕೊಟ್ರು. ಅದೇ ಮೂಟೆ, ಅದೇ ಏರು, ಅದೇ ಡ್ರೈವರು. ಎರಡು ಸಲ ಏನೂ ಆಗದೆ ಹತ್ತಿತು. ಮೂರನೇ ಸಲಕ್ಕೆ ಅರ್ಧ ಏರಿನಾಗೆ ಮುಲುಕಿ ನಿಂತಿತು.

ಕೊಟ್ರಬಸಪ್ಪ ಅಭ್ಯಾಸದಂಗೆ ಬೀಡಿ ಹಚ್ಚಿ ಕೆಳಗಿಳಿದ. ಗೋಣೆಪ್ಪ ಕೈ ಎತ್ತಿ ಎಲ್ಲಾರನ್ನೂ ಸುಮ್ನಿರಿಸಿದ್ರು. "ಯಾರೂ ಸ್ಟಾರ್ಟ್ ಮಾಡಬ್ಯಾಡ್ರಿ. ಇದು ಕೆಡೋದನ್ನ ಎಲ್ಲಾರೂ ನೋಡಿದೀರಿ. ತಾನೇ ಸರಿ ಆಗೋದನ್ನ ಯಾರೂ ನೋಡಿಲ್ಲ."

ಅಂದೋರೇ ರಸ್ತೆ ಮ್ಯಾಲೇ ಮಂಡಿಯೂರಿ ಟ್ಯಾಂಕಿಗೆ ಕಿವಿ ಕೊಟ್ರು. ಪಾಲಣ್ಣಂಗೆ ಪಂಪಿನ ಹತ್ರ ಪೈಪು ಸಡಿಲಿಸಾಕೆ ಹೇಳಿದ್ರು. ಅವನು ನಟ್ಟು ತಿರುಗಿಸಿದ ಕೂಡ್ಲೇ ಸುಯ್ ಅಂತ ಗಾಳಿ ಒಳಗೆ ಹೋತು, ಟ್ಯಾಂಕಿನೊಳಗೆ ಬುಳುಕ್ ಅಂದಿತು. ಅಷ್ಟು ಹತ್ರ ನಿಂತಿದ್ದಕ್ಕೆ ನನಗೂ ಕೇಳಿಸಿತು. ಗೋಣೆಪ್ಪ ಅಲ್ಲೇ ಕುಂತು ಮುಖ ಎತ್ತಿ ಹೇಳಿದ್ರು.

"ಟ್ಯಾಂಕಿನೊಳಗೆ ಎಣ್ಣೆ ಎಳೆಯೋ ಪೈಪಿನ ಬಾಯಿಗೆ ಏನೋ ಬಂದು ಕೂರ್ತೈತೆ. ಭಾರ ಇದ್ದಾಗ ಇಂಜಿನ್ನು ಜೋರಾಗಿ ಎಳೀತೈತೆ, ಆಗ ಅಂಟ್ಕಂತೈತೆ. ಎಳೆಯೋದು ನಿಂತ್ರೆ ನಿಧಾನ ಬಿಟ್ಟು ಹೋಗ್ತೈತೆ. ಕಂಡಕ್ಟರ ಬೀಡಿಯಿಂದ ಏನೂ ಸರಿ ಆಗ್ತಿರಲಿಲ್ಲ, ಅವರು ಸೇದೋ ಹೊತ್ತಿಗೆ ಅದು ಬಿಡ್ತಿತ್ತು ಅಷ್ಟೇ."

ಎರಡು ತಿಂಗಳು ಯಾರಿಗೂ ತಿಳಿಯದ್ದನ್ನ ಆ ಮನುಷ್ಯ ಒಂದು ಡಬ್ಬಿ, ಒಂದು ಮಾರು ಪೈಪು, ಒಂದು ಕಿವಿ ಇಟ್ಕಂಡು ಕಂಡುಹಿಡಿದಿದ್ರು. ಈಗ ಹೇಳ್ತೀನಿ, ಅಂಥ ಬುದ್ಧಿವಂತನ್ನ ನಾನು ನನ್ನ ಜನ್ಮದಾಗೆ ನೋಡಿಲ್ಲ. ಆವತ್ತು ಹೇಳಿದ್ದು ಬೇರೆ. "ನಾಲ್ಕು ಮಡಿಕೆ ಬಟ್ಟೆಯಾಗೆ ಸೋಸಿ ಹಾಕೋ ಟ್ಯಾಂಕು ರೀ ಅದು. ನನ್ನ ಟ್ಯಾಂಕಿನಾಗೆ ಕಸ ಎಲ್ಲಿಂದ ಬರ್ತೈತೆ? ಬಂದಿದ್ರೆ ಇವನೇ ಹಾಕಿರಬೇಕು" ಅಂದೆ.

"ಯಾರು ಹಾಕಿದ್ರು ಅಂತ ನಾನು ಹೇಳಲಾರೆ. ಏನು ಬಿದ್ದೈತೆ ಅಂತ ನಾಳೆ ಟ್ಯಾಂಕು ಹೇಳ್ತೈತೆ" ಅಂದ್ರು ಗೋಣೆಪ್ಪ.

ಶನಿವಾರ ಬೆಳಗ್ಗೆ ನಮ್ಮನೆ ಮುಂದೆ ಟ್ಯಾಂಕು ಇಳಿಸಿದ್ರು. ಮಂಗಳವಾರ ಸ್ಟ್ಯಾಂಡಿನಾಗೆ ನಕ್ಕಿದ್ದ ಜನವೇ ಇಲ್ಲೂ ಬಂದು ನಿಂತಿದ್ರು. ತಮಾಷೆ ನೋಡಾಕೆ ನಮ್ಮೂರೋರಿಗೆ ಕರೆಯೋಲೆ ಬೇಕಾಗಿಲ್ಲ. ಡೀಸೆಲ್ಲೆಲ್ಲ ಡ್ರಮ್ಮಿಗೆ ಬಸಿದ್ರು. ಹಳೇ ಬಸ್ಸಿನ ಟ್ಯಾಂಕಿನ ಬಾಯಿ ಅಗಲ, ಸಣಕಲು ಕೈ ಒಳಗೆ ಹೋಗ್ತೈತೆ. ಪಾಲಣ್ಣ ಅಂಗಿ ಕಳಚಿಟ್ಟು, ಭುಜದ ತನಕ ಕೈ ಇಳಿಸಿ ತಡಕಾಡಿದ. ಸ್ವಲ್ಪ ಹೊತ್ತಿಗೆ ಅವನ ಕೈ ನಿಂತಿತು. ಮುಖ ಒಂಥರಾ ಆತು. ಮೆಲ್ಲಗೆ ಕೈ ಹೊರಗೆ ತೆಗೆದು, ಏನು ಸಿಕ್ಕೈತೆ ಅಂತ ಬೆರಳು ಸ್ವಲ್ಪ ಬಿಡಿಸಿ ನೋಡಿದ. ನೋಡಿದೋನೇ ಗಟ್ಟಿಯಾಗಿ ಮುಷ್ಟಿ ಕಟ್ಟಿದ.

ಅಷ್ಟರಾಗೆ ನನಗೆ ಕಾಣಬೇಕಾಗಿದ್ದು ಕಂಡಿತ್ತು. ಮುಷ್ಟಿ ಸಂದಿನಿಂದ ಮೂರು ದಳದ ಒಂದು ಎಲೆ ಇಣುಕ್ತಿತ್ತು.

ಜಗಲಿ ಮ್ಯಾಲೆ ನಿಂತಿದ್ದೋಳು ಕಂಬ ಹಿಡ್ಕಂಡೆ. ಗೋಣೆಪ್ಪ ಮುಷ್ಟಿ ನೋಡಿದ್ರು, ಹಿತ್ತಲ ಗೋಡೆ ಮ್ಯಾಲೆ ಇಣುಕೋ ಬಿಲ್ವದ ಮರ ನೋಡಿದ್ರು, ಒಂದೇ ಒಂದು ಸಲ ನನ್ನ ಮುಖ ನೋಡಿದ್ರು. ಆಮೇಲೆ ನೆಲ ನೋಡಿದ್ರು.

"ಏನದು ಪಾಲಣ್ಣ?" ಅಂದ ಕೊಟ್ರಬಸಪ್ಪ.

"ಏನಿಲ್ಲ. ಕಸ. ಎಲ್ಲಿಂದಲೋ ಬಿದ್ದೈತೆ."

"ಹೂಂ, ಕಸವೇ" ಅಂದ್ರು ಗೋಣೆಪ್ಪ. "ಟ್ಯಾಂಕು ತೊಳೀರಿ. ರೋಗ ಹೋತು."

ಜನದಾಗೆ ಒಬ್ಬ, ಮಂಗಳವಾರ ಜೋರಾಗಿ ನಕ್ಕಿದ್ದೋನು, "ಟ್ಯಾಂಕಿನಾಗೆ ಕಸ ಬೀಳೋ ತನಕ ಡ್ರೈವರ್ ಏನು ನಿದ್ದೆ ಮಾಡ್ತಿದ್ನಾ? ಇದೂ ಅವನದೇ ತಪ್ಪು" ಅಂದ. ಪಾಲಣ್ಣ ಟವಲಿನಿಂದ ತೋಳು ಒರೆಸ್ಕಂತಾ ಹೇಳಿದ, "ಹೌದ್ರೀ. ನಾನು ನೋಡ್ಕಬೇಕಿತ್ತು."

ಕಳ್ಳ ಅಂತ ಕರೆದಾಗ ಎಲ್ಲಾರೆದುರು ತಲೆ ತಗ್ಗಿಸಿದ್ದ. ಈಗ ನನ್ನ ತಪ್ಪನ್ನ ಮುಷ್ಟಿಯಾಗೆ ಮುಚ್ಚಿಟ್ಕಂಡು ತಾನೇ ಹೊರ್ತಿದಾನೆ. ಒಂದು ಮಾತು ಹೇಳಿದ್ರೆ ಸಾಕಿತ್ತು, ಅವನು ಗೆದ್ದಂಗೆ, ನನ್ನ ಮಾನ ಬೀದಿಗೆ ಬಿದ್ದಂಗೆ. ಹೇಳಲಿಲ್ಲ. ನಾನೂ ಸುಮ್ನಿದ್ದುಬಿಡಬಹುದಿತ್ತು. ಸುಳ್ಳು ಯಾಕೆ, ಎರಡು ಉಸಿರಿನಷ್ಟು ಹೊತ್ತು ಸುಮ್ನಿರೋಣ ಅನ್ನಿಸಿತು. ಆದ್ರೆ ಆ "ಹೌದ್ರೀ" ಅನ್ನೋ ಮಾತು ನನ್ನನ್ನ ಸುಮ್ನಿರಾಕೆ ಬಿಡಲಿಲ್ಲ. ಜಗಲಿ ಇಳಿದು ಅವನ ಮುಂದೆ ನಿಂತೆ.

"ಕೈ ಬಿಚ್ಚು."

"ಬ್ಯಾಡ ಅಮ್ಮಾರೆ."

"ಬಿಚ್ಚು ಅಂದೆ."

"ಬರೀ ಕಸ ಅಮ್ಮಾರೆ. ಬಿಡ್ರಿ."

ನಾನೇ ಅವನ ಕೈ ಹಿಡಿದು ಒಂದೊಂದೇ ಬೆರಳು ಬಿಡಿಸಿದೆ. ನೆನೆದು ಕಪ್ಪಗಾದ ಬಿಲ್ವಪತ್ರೆ ಏಳೆಂಟು ಇದ್ವು. ಅದರಾಗೆ ಒಂದರ ನಡು ದಳದ ಮ್ಯಾಲೆ ದುಂಡಗೆ ಅಚ್ಚು ಬಿದ್ದಿತ್ತು. ಪೈಪಿನ ಬಾಯಿಯಷ್ಟೇ ಅಳತೆ. ಅದನ್ನ ಎತ್ತಿ ಎಲ್ಲಾರಿಗೂ ತೋರಿಸಿದೆ.

"ಇದು ಹಾಕಿದ್ದು ನಾನು" ಅಂದೆ. "ನಮ್ಮ ತವರು ಮನೇಲಿ ಕಣಜ ತುಂಬಿದ ಮ್ಯಾಲೆ ಒಂದು ಪತ್ರೆ ಹಾಕಿ ಬಾಯಿ ಮುಚ್ತಿದ್ರು, ತುಂಬಿದ್ದು ತುಂಬಿದಂಗೆ ಇರಲಿ ಅಂತ. ಬಸ್ಸಿನ ಕಣಜ ಇದೇ ಅಲ್ವಾ ಅಂತ ಸೋಮವಾರ ಸೋಮವಾರ ಹಾಕಿದೆ. ಬಸ್ಸು ಕೆಟ್ಟಷ್ಟೂ ಜಾಸ್ತಿ ಹಾಕಿದೆ. ಡೀಸೆಲ್ ಸೋಸೋಳೂ ನಾನೇ, ಎಲೆ ಹಾಕೋಳೂ ನಾನೇ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದೆ. ಪಾಲಣ್ಣ ಕಳ್ಳ ಅಲ್ಲ. ಅವತ್ತು ನಕ್ಕೋರೆಲ್ಲ ಇವತ್ತೂ ಇಲ್ಲೇ ಇದೀರಿ, ಸರಿಯಾಗಿ ಕೇಳಿಸ್ಕಳ್ರಿ."

ಯಾರೂ ನಗಲಿಲ್ಲ. ಪಾಲಣ್ಣ ಟವಲು ಮುಖಕ್ಕೆ ಒತ್ತಿಕೊಂಡು ಬಸ್ಸಿನ ಹಿಂದಕ್ಕೆ ಹೋದ.

ಟ್ಯಾಂಕು ತೊಳೆದು ಏರಿಸಿದ ಮ್ಯಾಲೆ ನಾನು ಗೋಣೆಪ್ಪನ್ನ ಕೇಳಿದೆ, ಇನ್ನ ಹತ್ತು ಸೋಮವಾರ ಬಾಕಿ ಐತೆ, ಹರಕೆ ಮುರಿದಂಗೆ ಆಗ್ತೈತಲ್ರಿ ಅಂತ.

"ಯಾಕೆ ಮುರೀತೀರಿ? ಹಾಕ್ರಿ. ಮುಚ್ಚಳದ ಮ್ಯಾಲೆ ಇಡ್ರಿ, ಒಳಗೆ ಬ್ಯಾಡ. ದೇವರಿಗೆ ಮುಚ್ಚಳ ತೆಗೆಯಾಕೆ ಬರ್ತೈತೆ ತಾಯಿ" ಅಂದು ಗೋಣಿ ಚೀಲ ಬಗಲಿಗೆ ಹಾಕ್ಕಂಡ್ರು.

ಮಧ್ಯಾಹ್ನ ಪಾಲಣ್ಣ ಮತ್ತೆ ಜಗಲಿ ಕೆಳಗೆ ಬಂದು ನಿಂತ. ಸಂಬಳ ಜಾಸ್ತಿ ಕೇಳ್ತಾನೇನೋ, ಕೇಳಿದ್ರೆ ಕೊಡೋದೇ ಅಂತ ಕುಂತಿದ್ದೆ. ಅವನು ಕೇಳಿದ್ದು ಒಂದೇ. "ಊರಿಗೆ ಮಾತು ಹೋಗೈತಂತೆ ಅಮ್ಮಾರೆ. ಅವ್ವಂಗೆ ಒಂದು ಕಾಗದ ಬರೆಸಿಕೊಡ್ರಿ."

ನಾನು ಕಾಗದ ಬರೆಸಲಿಲ್ಲ. ಭಾನುವಾರ ಬಸ್ಸಿಗೆ ರಜೆ ಹಾಕಿ, ಅವನ ಜೊತೆ ಹೊರಟೆ. ಹೊನ್ನಾಳಿ, ದಾವಣಗೆರೆ, ಜಗಳೂರು, ಮೂರು ಕಡೆ ಬಸ್ಸು ಬದಲಾಯಿಸಿ ಸೊಕ್ಕೆ ಮುಟ್ಟಿದಾಗ ಹೊತ್ತು ನೆತ್ತಿ ದಾಟಿತ್ತು. ಹೊಲದಾಗೆ ಜೋಳದ ಕೂಳೆ, ಬಿಸಿಲು ಅಂದ್ರೆ ಬಿಸಿಲು. ಪಾಲಣ್ಣನ ಅವ್ವ ಬೊಮ್ಮಕ್ಕ ಮನೆ ಮುಂದೆ ಜೋಳ ಕೇರ್ತಾ ಕುಂತಿದ್ಲು. ಮಗನ್ನ ನೋಡಿದ್ಲು, ನನ್ನ ನೋಡಿದ್ಲು, ಮೊರ ಕೆಳಗಿಡಲಿಲ್ಲ.

ದಾರಿಯುದ್ದಕ್ಕೂ ಹೊಂದಿಸಿಕಂಡು ಬಂದಿದ್ದ ಮಾತೆಲ್ಲ ಮರೆತುಹೋತು. ನಿಂತಲ್ಲೇ ಎಲ್ಲಾ ಹೇಳಿದೆ, ಪತ್ರೆ ಹಾಕಿದ್ದು, ಕಳ್ಳ ಅಂದಿದ್ದು, ಮುಷ್ಟಿ ಬಿಡಿಸಿದ್ದು. "ನಿಮ್ಮ ಮಗ ಕಳ್ಳ ಅಲ್ಲ. ತಪ್ಪು ನಂದು. ಅದನ್ನ ಹೇಳಾಕೇ ಬಂದೆ ಬೊಮ್ಮಕ್ಕಾರೆ" ಅಂದೆ.

ಆಕೆ ಮೊರದಾಗಿನ ಒಂದು ಕಲ್ಲು ಆರಿಸಿ ಪಕ್ಕಕ್ಕೆ ಎಸೆದು ಹೇಳಿದ್ಲು. "ನನಗ್ಯಾಕೆ ಹೇಳ್ತೀರಿ? ನಾನೇನು ನಂಬಿದ್ನಾ? ನಂಬಿದೋರಿಗೆ ಹೇಳ್ರಿ."

ಎದ್ದು ಸೀರೆ ಕೊಡವಿಕಂಡು ನನ್ನ ಕೈ ಹಿಡಿದ್ಲು. ಮೊದಲು ಪಕ್ಕದ ಮನೆ, ಆಮೇಲೆ ಅದರ ಪಕ್ಕದ್ದು, ಆಮೇಲೆ ಬಾವಿ ಹತ್ರ ನೀರು ಸೇದೋ ಹೆಂಗಸರು, ಹಿಟ್ಟಿನ ಗಿರಣಿ. ಒಂದು ಬಾಗಿಲನ್ನೂ ಬಿಡಲಿಲ್ಲ. ಪ್ರತಿ ಕಡೆ ಆಕೆ ಬಾಯಿ ಬಿಡದೆ ನನ್ನ ಪಕ್ಕ ನಿಲ್ಲೋಳು, ನಾನು ಹೇಳೋದು. ನಾನು ನ್ಯಾಮತಿ ಕಸ್ತೂರಮ್ಮ, ಬಸ್ಸಿನ ಓನರ್ರು. ಪಾಲಣ್ಣನ್ನ ಕಳ್ಳ ಅಂದೋಳು ನಾನೇ. ಅವನು ಕದ್ದಿಲ್ಲ, ಬಸ್ಸು ಕೆಡಿಸಿದ್ದು ನಾನು. ಮೊದಲನೇ ಮನೆ ಮುಂದೆ ನಾಲಿಗೆ ತೊದಲಿತು. ಹತ್ತನೇ ಮನೆಗೆ ಬರೋ ಹೊತ್ತಿಗೆ ನನ್ನ ದನಿ ಕಟ್ಟಿಹೋಗಿತ್ತು, ಆದ್ರೆ ಮಾತು ಸಲೀಸಾಗಿ ಬರ್ತಿತ್ತು. ಪಾಲಣ್ಣ ಹಿಂದೆ ಹಿಂದೆ ಬರ್ತಾ, "ಸಾಕು ಬಿಡವ್ವಾ, ಅಮ್ಮಾರಿಗೆ ಬಿಸಿಲು" ಅಂತ ಗೋಗರೀತಿದ್ದ. ಅವನ ಮಾತು ನಾವಿಬ್ಬರೂ ಕೇಳಲಿಲ್ಲ.

ಕೊನೇ ಮನೆ ಆದ ಮ್ಯಾಲೆ ಬೊಮ್ಮಕ್ಕ ತನ್ನ ಸೆರಗಿನಿಂದ ನನ್ನ ಮುಖದ ಬೆವರು ಒರೆಸಿದ್ಲು.

"ಬಾ ಇನ್ನ, ಉಣ್ಣು" ಅಂದ್ಲು. "ರೊಟ್ಟಿ ಆರ್ತೈತೆ."